ಹೊಳೆ ದಾಟಿದ ಜೀಪು ಮನೆಗೆ ಬಂದ ಮೇಲೆ

ಮಳೆಗಾಲದ ಭಾನುವಾರ ಸಂಜೆ ಖಾನಾಪುರದಿಂದ ಬೆಳಗಾವಿಗೆ ಬರುವ ರಸ್ತೆಯ ಬದಿಗೆ ಸ್ವಲ್ಪ ಹೊತ್ತು ನಿಂತರೆ ಒಂದಾದರೂ ಇಂಥ ಗಾಡಿ ಕಣ್ಣಿಗೆ ಬಿದ್ದೀತು. ಬಾನೆಟ್ಟಿನವರೆಗೆ ಕೆಂಪು ರಾಡಿ ಮೆತ್ತಿಕೊಂಡ ಹಳೆಯ ಜೀಪು, ಹಿಂದೆ ಸುತ್ತಿಟ್ಟ ದಪ್ಪ ಹಗ್ಗ, ಒಳಗೆ ತೊಯ್ದು ತೊಪ್ಪೆಯಾಗಿಯೂ ನಗುತ್ತಿರುವ ನಾಲ್ಕು ಜನ. ಇವರು ಕಟ್ಟಿಗೆ ತರಲು ಹೋದವರಲ್ಲ, ಗದ್ದೆಗೆ ಗೊಬ್ಬರ ಹಾಕಲು ಹೋದವರೂ ಅಲ್ಲ. ಒಳ್ಳೆಯ ಡಾಂಬರು ರಸ್ತೆ ಇರುವಾಗ ಬೇಕೆಂದೇ ಕೆಟ್ಟ ದಾರಿ ಹುಡುಕಿಕೊಂಡು ಹೋದವರು. ಆಫ್ ರೋಡಿಂಗ್ ಎಂಬ ಈ ಹವ್ಯಾಸದ ಬಗ್ಗೆ ಹೊರಗಿನವರು ಕಾಣುವುದು ಇಷ್ಟನ್ನೇ. ಉಳಿದರ್ಧ ನಡೆಯುವುದು ಸೋಮವಾರದಿಂದ ಶನಿವಾರದವರೆಗೆ, ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ.

ಆ ಶೆಡ್ಡಿಗೇ ನಮ್ಮ ಹುಡುಗರು ಮುಗಿಬೀಳುತ್ತಾರೆ. ಪಾಲಕರ ಸಭೆಯಲ್ಲಿ ನಾನು ಕೇಳುವ ದೂರು ಸಾಮಾನ್ಯವಾಗಿ ಹೀಗಿರುತ್ತದೆ: "ಸರ್, ಕಾಕಾನ ಜೀಪಿನ ಬುಡಕ್ಕ ಹೊಕ್ಕಾಂವ ಹೊರಗ ಬರವಲ್ಲ. ಪುಸ್ತಕ ಮುಟ್ಟಂಗಿಲ್ಲ, ಪಾನಾ ಕೆಳಗ ಇಡಂಗಿಲ್ಲ." ಈ ದೂರಿನ ಎರಡನೆಯ ಅರ್ಧಕ್ಕೆ ನನ್ನ ತಕರಾರಿಲ್ಲ. "ಬುಡಕ್ಕ ಹೊಕ್ಕಾಂವ" ಎಂಬ ಮಾತು ಕೇಳಿದಾಗ ಮಾತ್ರ ಎದೆ ಝಲ್ಲೆನ್ನುತ್ತದೆ. ಕಾರಣ ಮುಂದೆ ಹೇಳುತ್ತೇನೆ.

ಮೊದಲು ಗಾಡಿಯ ವಿಷಯ. ಜೀಪು ಹುಟ್ಟಿದ್ದು ಯುದ್ಧಕ್ಕಾಗಿ. 1941ರಿಂದ 1945ರವರೆಗೆ ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಯುದ್ಧಭೂಮಿಯಲ್ಲಿ ಕೆಟ್ಟರೆ ಅಲ್ಲಿಯೇ ಬಿಚ್ಚಿ ಜೋಡಿಸಬೇಕು, ಅದಕ್ಕೆ ತಕ್ಕಂತೆ ಕಟ್ಟಿದ ಗಾಡಿ ಅದು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸಲು ಆರಂಭಿಸಿತು. ಮುಂದೆ ಸಿಜೆ-3ಬಿ, ಎಂಎಂ 540, ನಡುವೆ 1985ರಲ್ಲಿ ಮಾರುತಿ ಜಿಪ್ಸಿ, ಆಮೇಲೆ 2010ರಲ್ಲಿ ಥಾರ್ ಹೀಗೆ ಸಂತತಿ ಬೆಳೆಯಿತು. ಸೇನೆ ಹರಾಜು ಹಾಕಿದ ಗಾಡಿಗಳೂ ಹವ್ಯಾಸಿಗಳ ಕೈ ಸೇರಿದವು. ಬೆಳಗಾವಿ ಹೇಗೂ ದಂಡಿನ ಊರು, ಮೇಲೆ ಫೌಂಡ್ರಿ ಮತ್ತು ಲೇಥುಗಳ ಊರು. ಬುಶ್ ಸವೆದಿದೆ ಎಂದರೆ ಉದ್ಯಮಬಾಗದಲ್ಲಿ ಅಳತೆ ಕೊಟ್ಟು ತಿರುವಿಸಿಕೊಂಡು ಬರಬಹುದು. ಈ ಅನುಕೂಲ ಎಲ್ಲ ಊರಿಗೂ ಇಲ್ಲ.

ಇಂದಿನ ಕಾರಿನ ಬಾನೆಟ್ ಎತ್ತಿದರೆ ಕಾಣುವುದು ಪ್ಲಾಸ್ಟಿಕ್ಕಿನ ಒಂದು ಮುಚ್ಚಳ. ಹಳೆಯ ಜೀಪಿನಲ್ಲಿ ಮುಚ್ಚಿಟ್ಟದ್ದು ಕಡಿಮೆ. ಲೆಕ್ಕ ಮಾಡುವ ಹುಡುಗನಿಗೆ ಅದು ಕೈಗೆ ಸಿಗುವ ಪ್ರಯೋಗಶಾಲೆ. ಒಂದು ಉದಾಹರಣೆ ನೋಡಿ. ಸಿಜೆ-3ಬಿಯ ಮೂಲ ಲೆಕ್ಕದಲ್ಲಿ ಒಂದನೆಯ ಗೇರಿನ ಅನುಪಾತ 2.798, 'ಲೋ' ಲಿವರ್ ಹಾಕಿದರೆ ಮತ್ತೆ 2.46, ಆಕ್ಸಲಿನಲ್ಲಿ 5.38. ಮೂರನ್ನೂ ಗುಣಿಸಿದರೆ ಸುಮಾರು 37. ಎಂಜಿನ್ 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು. ಎಂಜಿನ್ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ, ಚಕ್ರದ ಸುತ್ತಳತೆ ಎರಡೂಕಾಲು ಮೀಟರ್ ಎಂದು ಹಿಡಿದರೆ, ಗಾಡಿಯ ವೇಗ ಗಂಟೆಗೆ 3.6 ಕಿ.ಮೀ. ಚೀಲ ಹೊತ್ತು ಶಾಲೆಗೆ ಬರುವ ಹುಡುಗನ ನಡಿಗೆಗಿಂತ ನಿಧಾನ! ವೇಗ ಕಳೆದುಕೊಂಡು ಬಲ ಪಡೆಯುವುದೆಂದರೆ ಇದೇ. ಘರ್ಷಣೆಯಲ್ಲಿ ಹೋಗುವ ಪಾಲು ಬಿಟ್ಟರೆ ತಿರುಗಿಸುವ ಬಲವೂ 37 ಪಟ್ಟಾಗುತ್ತದೆ.

ಬಲ ಎಷ್ಟಿದ್ದರೇನು, ಖಾನಾಪುರದ ಮಣ್ಣು ಅದನ್ನು ಸುಮ್ಮನೆ ಒಪ್ಪಿಕೊಳ್ಳುವುದಿಲ್ಲ. ಹೆಂಚಿಗೂ ಕುಂಬಾರಿಕೆಗೂ ಹೆಸರಾದ ಜೇಡಿಯ ಸೀಮೆ ಅದು. ಜೇಡಿಯ ಕಣಗಳು ಮಿಲಿಮೀಟರಿನ ಐದುನೂರನೇ ಒಂದು ಪಾಲಿಗಿಂತ ಸಣ್ಣವು, ತೆಳು ಹಾಳೆಯಂಥವು. ನಡುವೆ ನೀರು ಸೇರಿದರೆ ಒಂದರ ಮೇಲೊಂದು ಜಾರುತ್ತವೆ. ಒಂದು ಚಕ್ರ ಅಂಥ ರಾಡಿಯಲ್ಲಿ, ಇನ್ನೊಂದು ಗಟ್ಟಿ ಕಲ್ಲಿನ ಮೇಲೆ ಇದ್ದರೆ ರಾಡಿಯ ಚಕ್ರವೇ ಗಿರಗಿರನೆ ತಿರುಗುತ್ತದೆ, ಕಲ್ಲಿನ ಮೇಲಿನದು ಸುಮ್ಮನಿರುತ್ತದೆ. ಇದು ಡಿಫರೆನ್ಶಿಯಲ್ ಎಂಬ ಗೇರುಗಳ ಗುಂಪಿನ ಗುಣ. ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲಿ ಎಂದು ಮಾಡಿದ ವ್ಯವಸ್ಥೆ, ಕೆಸರಿನಲ್ಲಿ ಎದುರಾಳಿಯಾಗುತ್ತದೆ. ಈ ಮಾತನ್ನು ನೆನಪಿಡಿ, ಶೆಡ್ಡಿನಲ್ಲಿ ಮತ್ತೆ ಬೇಕಾಗುತ್ತದೆ.

ಕೆಸರಾದರೆ ತೊಳೆದು ಹೋಗುತ್ತದೆ. ಗಾಡಿಯನ್ನು ನಿಜವಾಗಿ ಕೆಡಿಸುವುದು ನೀರು. ಹತ್ತಾರು ಮೈಲಿ ಓಡಿ ಬಂದ ಗಾಡಿಯ ಆಕ್ಸಲ್ ಹೌಸಿಂಗ್ ಮುಟ್ಟಿದರೆ ಕೈ ಸುಡುತ್ತದೆ. ಒಳಗೆ ಎಣ್ಣೆಯ ಮೇಲೆ ಬಿಸಿ ಗಾಳಿ ಇದೆ. ಹಾಗೇ ಹಳ್ಳಕ್ಕಿಳಿಸಿದಿರಿ ಎನ್ನಿ. ಒಳಗಿನ ಗಾಳಿ 70 ಡಿಗ್ರಿಯಿಂದ 25 ಡಿಗ್ರಿಗೆ ಇಳಿಯಿತೆಂದರೆ, ಕೆಲ್ವಿನ್ ಲೆಕ್ಕದಲ್ಲಿ 343ರಿಂದ 298ಕ್ಕೆ. ಪಿಯುಸಿಯಲ್ಲಿ ಓದಿದ ಅನಿಲ ನಿಯಮದ ಪ್ರಕಾರ ಒತ್ತಡ ನೂರಕ್ಕೆ 13ರಷ್ಟು ಕುಸಿಯಬೇಕು. ಕುಸಿಯುವ ಒತ್ತಡ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳುತ್ತದೆ. ಹೌಸಿಂಗಿನ ಮೇಲೆ ಉಸಿರಾಡಲೆಂದು ಬ್ರೀದರ್ ಎಂಬ ಸಣ್ಣ ಕಿಂಡಿ ಇರುತ್ತದೆ. ಅದು ನೀರಿನಲ್ಲಿ ಮುಳುಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ, ಹಳ್ಳದ ನೀರು. ಕಿಂಡಿ ಕೆಸರಿನಿಂದ ಮುಚ್ಚಿದ್ದರೆ ಸವೆದ ಆಯಿಲ್ ಸೀಲಿನ ಸಂದಿಯಿಂದ ನುಗ್ಗುತ್ತದೆ. ಕೆಲವು ದಿನಗಳಲ್ಲಿ ಕಡು ಬಣ್ಣದ ಎಣ್ಣೆ ಹಾಲು ಹಾಕಿದ ಚಹಾದಂತಾಗುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ. ಮೂರು ತಿಂಗಳ ನಂತರ ಆಕ್ಸಲ್ ಕೂಗತೊಡಗಿದಾಗ ಹಳ್ಳದ ನೆನಪು ಯಾರಿಗೂ ಇರುವುದಿಲ್ಲ.

ಇದಕ್ಕೆ ಹವ್ಯಾಸಿಗಳು ಮಾಡಿಕೊಂಡ ಉಪಾಯ ನನಗೆ ತುಂಬ ಹಿಡಿಸಿದೆ. ಬ್ರೀದರಿಗೆ ಎಣ್ಣೆ ತಡೆಯುವ ಒಂದು ರಬ್ಬರ್ ನಳಿಕೆ ಜೋಡಿಸಿ, ಚಾಸಿಯ ಗುಂಟ ತಂದು, ಬಾನೆಟ್ಟಿನೊಳಗೆ ಎತ್ತರದಲ್ಲಿ ಕಟ್ಟುತ್ತಾರೆ. ತುದಿಗೆ ಒಂದು ಸಣ್ಣ ಫಿಲ್ಟರ್. ಈಗ ಆಕ್ಸಲ್ ನೀರಿನಲ್ಲಿದ್ದರೂ ಉಸಿರಾಟ ಮೇಲಿನಿಂದ. ಎಮ್ಮೆ ಕೆರೆಯಲ್ಲಿ ಮುಳುಗಿ ಮೂಗು ಮಾತ್ರ ಮೇಲಿಟ್ಟಂತೆ. ಸಾವಿರಾರು ರೂಪಾಯಿಯ ದೀಪ, ಬಂಪರ್ ಹಚ್ಚಿಸುವ ಮುಂಚೆ ಈ ನಳಿಕೆ ಹಾಕಿದವರನ್ನು ನಾನು ತಿಳಿದವರೆಂದು ಎಣಿಸುತ್ತೇನೆ.

ಎಂಜಿನ್ನಿಗೆ ನೀರು ಹೊಕ್ಕರೆ ಕಥೆ ಬೇರೆ. ಅರ್ಧ ಲೀಟರ್ ಗಾತ್ರದ ಡೀಸೆಲ್ ಸಿಲಿಂಡರಿನಲ್ಲಿ, ಸಂಕೋಚನ ಅನುಪಾತ 20 ಆಗಿದ್ದರೆ, ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು ಐದು ಟೀ ಚಮಚದಷ್ಟು. ಗಾಳಿಯನ್ನು ಅಷ್ಟರಲ್ಲಿ ಅಮುಕಬಹುದು, ನೀರನ್ನು ಆಗದು. ಬಾಗುವುದು ಕನೆಕ್ಟಿಂಗ್ ರಾಡ್. ನೀರಿನ ನಡುವೆ ಎಂಜಿನ್ ನಿಂತರೆ ಮತ್ತೆ ಸೆಲ್ಫ್ ಹೊಡೆಯಬಾರದು ಎನ್ನುವುದು ಇದಕ್ಕೇ.

ಜಾಕ್ ಎತ್ತುತ್ತದೆ, ಹಿಡಿದು ನಿಲ್ಲುವುದಿಲ್ಲ

ಈಗ ನನ್ನ ಎದೆ ಝಲ್ಲೆನಿಸುವ ವಿಷಯಕ್ಕೆ ಬರುತ್ತೇನೆ. ಈ ಹವ್ಯಾಸದ ಅಪಾಯವೆಲ್ಲ ಕಾಡಿನ ಇಳಿಜಾರಿನಲ್ಲಿದೆ ಎಂದು ಪಾಲಕರು ತಿಳಿದಿದ್ದಾರೆ. ಅಲ್ಲಿ ಹತ್ತು ಜನರ ಕಣ್ಣಿರುತ್ತದೆ, ಗಾಡಿ ನಡಿಗೆಯ ವೇಗದಲ್ಲಿರುತ್ತದೆ. ಶೆಡ್ಡಿನಲ್ಲಿ ಹುಡುಗ ಒಬ್ಬನೇ.

ಹೈಡ್ರಾಲಿಕ್ ಜಾಕಿನ ತತ್ವ ಹೈಸ್ಕೂಲಿನ ಪಾಸ್ಕಲ್ ನಿಯಮ. ಒಂದು ಸೆಂ.ಮೀ. ವ್ಯಾಸದ ಪಿಸ್ಟನ್ ಮೇಲೆ ಹಾಕಿದ ಬಲ ಮೂರು ಸೆಂ.ಮೀ. ವ್ಯಾಸದ ಪಿಸ್ಟನ್ನಿನಲ್ಲಿ ಒಂಬತ್ತು ಪಟ್ಟಾಗುತ್ತದೆ. ಹಿಡಿಕೆಯ ಸನ್ನೆಯಿಂದ ಮತ್ತೆ 15 ಪಟ್ಟು ಎಂದುಕೊಂಡರೆ, ಎಂಟು ಕೆ.ಜಿ.ಯಷ್ಟು ಒತ್ತಿದರೆ ಲೆಕ್ಕದಲ್ಲಿ 1080 ಕೆ.ಜಿ. ಮೇಲೇಳುತ್ತದೆ. ಯುದ್ಧಕಾಲದ ವಿಲ್ಲೀಸಿನ ತೂಕ ಸರಿಸುಮಾರು ಅಷ್ಟೇ. ಹೈಡ್ರಾಲಿಕ್ಸ್ ಬೆಳಗಾವಿಗೆ ಹೊಸದಲ್ಲ, ಅದರ ಪಂಪು ಮತ್ತು ವಾಲ್ವ್ ತಯಾರಿಸುವ ಕಾರ್ಖಾನೆಗಳೇ ಇಲ್ಲಿವೆ. ಅಲ್ಲಿ ದುಡಿಯುವ ಯಾವ ಫಿಟ್ಟರನ್ನಾದರೂ ಕೇಳಿ: ಅಷ್ಟು ಭಾರವನ್ನು ಹಿಡಿದಿರುವುದು ಬೆರಳುಂಗುರದಂಥ ಒಂದು ರಬ್ಬರ್ ಸೀಲ್. ಅದು ಹರಿದರೆ ಎಣ್ಣೆ ಜಾರುತ್ತದೆ, ಭಾರ ಇಳಿಯುತ್ತದೆ. ಕೆಳಗಿದ್ದವನಿಗೆ ಹೊರಳಲು ಸಮಯ ಸಿಗುವುದಿಲ್ಲ.

"ಇಟ್ಟಂಗಿ ಕೊಟ್ಟೇನ್ರಿ ಸರ್" ಎನ್ನುತ್ತಾರೆ ಹುಡುಗರು. ಇಟ್ಟಂಗಿ, ಸಿಮೆಂಟಿನ ಪೊಳ್ಳು ಬ್ಲಾಕು, ಜಂಬಿಟ್ಟಿಗೆ ಕಲ್ಲು ಇವೆಲ್ಲ ಗೋಡೆಯಲ್ಲಿ ಹರಡಿದ ಭಾರ ಹೊರಲು ಸರಿ. ಆಕ್ಸಲಿನಂಥ ಕಿರಿದಾದ ಕಬ್ಬಿಣ ಒಂದೇ ಕಡೆ ಒತ್ತಿದರೆ ಬಿರುಕು ಬಿಟ್ಟು ಒಮ್ಮೆಲೇ ಪುಡಿಯಾಗುತ್ತವೆ. ಬೇಕಾದದ್ದು ಜೋಡಿ ಉಕ್ಕಿನ ಸ್ಟ್ಯಾಂಡ್, ಅದೂ ಗಟ್ಟಿ ಸಮನೆಲದ ಮೇಲೆ. ಜೀಪಿನ ಮಾಡಿಫಿಕೇಶನ್ನಿಗೆ ಹಣ ಕೊಡುವ ಅಪ್ಪಂದಿರು ಮೊದಲು ಈ ಸ್ಟ್ಯಾಂಡಿಗೆ ಕೊಡಬೇಕು.

ಇನ್ನೊಂದು ಸೂಕ್ಷ್ಮ ಅನೇಕ ಮಿಸ್ತ್ರಿಗಳಿಗೂ ಹೊಳೆದಿರುವುದಿಲ್ಲ. ಹಳೆಯ ವಿಲ್ಲೀಸ್ ಮಾದರಿಗಳಲ್ಲಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಹಿಂದಿನ ಚಕ್ರಗಳಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ಜಾಕಿನ ಮೇಲೆ ಗಾಳಿಯಲ್ಲಿದ್ದಾಗ, ಶಾಫ್ಟ್ ನಿಂತಿದ್ದರೂ ಡಿಫರೆನ್ಶಿಯಲ್ ಮೂಲಕ ಆ ಚಕ್ರ ಹಿಂದಕ್ಕೆ ತಿರುಗಿ, ನೆಲದ ಮೇಲಿನದು ಮುಂದಕ್ಕೆ ಉರುಳಬಹುದು. ಎರಡೇ ಚಕ್ರದ ಚಾಲನೆಯಲ್ಲಿರುವ ಗಾಡಿಯನ್ನು ಹ್ಯಾಂಡ್ ಬ್ರೇಕ್ ನಂಬಿ ಎತ್ತಿದರೆ ಜಾಕಿನಿಂದ ಜಾರುವುದು ಹೀಗೆ. ಕೆಸರಿನಲ್ಲಿ ಕಂಡ ಎದುರಾಳಿಯೇ ಇಲ್ಲಿಯೂ! ಆದ್ದರಿಂದ ಎತ್ತುವ ಮುನ್ನ ನೆಲದಲ್ಲಿರುವ ಚಕ್ರಗಳ ಹಿಂದೆ ಮುಂದೆ ಮರದ ತುಂಡು ಬಿಗಿಯಾಗಿ ಕೊಡಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಮಳೆ ಎರಚುತ್ತದೆಂದು ಶಟರ್ ಎಳೆದು ಒಳಗೆ ಎಂಜಿನ್ ಚಾಲೂ ಮಾಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ. ಚಾರ್ಜಿಗೆ ಇಟ್ಟ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ, ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲಿದ್ದರೂ ಒಂದು ಕಿಡಿ ಸಾಕು. ಖಾಲಿ ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಎಂಬ ಮಾತೇ ಬೇಡ. ದ್ರವ ಖಾಲಿಯಾದರೂ ಆವಿ ಖಾಲಿಯಾಗಿರುವುದಿಲ್ಲ. ತೆಗೆದ ಎಣ್ಣೆಯನ್ನು ಗಟಾರಕ್ಕೆ ಸುರಿಯುವವರೂ ಇದ್ದಾರೆ. ನಮ್ಮ ಊರಿನ ಬಾವಿಗಳಲ್ಲಿ ಇನ್ನೂ ನೀರಿದೆ ಎಂಬುದು ಅವರಿಗೆ ಮರೆತಿರಬೇಕು.

ಕಾನೂನಿನ ಮಾತು ಪಾಲಕರಿಗೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ, ಅಪ್ರಾಪ್ತ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪಾಲಕರಿಗೆ ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತಯಾರಕರ ಮೂಲ ವಿವರಕ್ಕೆ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವುದನ್ನು ಅದೇ ಕಾಯ್ದೆಯ 52ನೇ ಕಲಂ ತಡೆಯುತ್ತದೆ, ಎಂಜಿನ್ ಬದಲಿಸಲು ಆರ್.ಟಿ.ಒ. ಅನುಮತಿ ಬೇಕು. ಖಾನಾಪುರ ತಾಲೂಕಿನ ಭೀಮಗಡ 2011ರಲ್ಲಿ ವನ್ಯಜೀವಿ ಧಾಮವಾಯಿತು. ಅಲ್ಲಿ ಅನುಮತಿಯಿಲ್ಲದೆ ಜೀಪು ನುಗ್ಗಿಸುವುದು ಸಾಹಸವಲ್ಲ, ಅಪರಾಧ.

ಕೈ ಕೆಲಸಕ್ಕೆ ಸರಿಯಾದ ದಾರಿಯೂ ಇದೆ. ಅಮೆರಿಕದ ಸೌತ್ ಕೆರೊಲಿನಾದಲ್ಲಿ 1976ರಲ್ಲಿ ಆರಂಭವಾದ ಬಾಹಾ ಸ್ಪರ್ಧೆ 2007ರಿಂದ ಭಾರತದಲ್ಲೂ ನಡೆಯುತ್ತ ಬಂದಿದೆ, ಮೊದಲು ಇಂದೂರಿನ ಹತ್ತಿರದ ಪೀಥಂಪುರದಲ್ಲಿ. ಎಂಜಿನಿಯರಿಂಗ್ ವಿದ್ಯಾರ್ಥಿಗಳೇ ಚೌಕಟ್ಟು ಬೆಸೆದು, ಗುಡ್ಡಗಾಡಿಗೆ ಒಗ್ಗುವ ಗಾಡಿ ಕಟ್ಟಿ ಓಡಿಸುತ್ತಾರೆ. ಯಾಕೆ ಹಾಗೆ ಕಟ್ಟಿದಿರಿ ಎಂದು ತೀರ್ಪುಗಾರರು ಕೇಳಿದಾಗ ಲೆಕ್ಕ ತೋರಿಸಬೇಕು. ಪಾನಾ ಹಿಡಿದವನಿಗೆ ಪುಸ್ತಕ ಬೇಕಾಗುವುದು ಅಲ್ಲಿಯೇ.

ಅಲ್ಲಿಯವರೆಗೆ, ಭಾನುವಾರ ಗಾಡಿ ಹಳ್ಳಕ್ಕಿಳಿದಿದ್ದರೆ ಹುಡುಗನಿಗೆ ಕೊಡಬಹುದಾದ ಮೊದಲ ಕೆಲಸವೊಂದಿದೆ. ಇದಕ್ಕೆ ಜಾಕೇ ಬೇಡ, ಜೀಪಿನ ಆಕ್ಸಲ್ ಕೈಗೆಟಕುವಷ್ಟು ಎತ್ತರದಲ್ಲಿದೆ. ಗಾಡಿಯನ್ನು ಸಮನೆಲದಲ್ಲಿ ರಾತ್ರಿಯಿಡೀ ನಿಲ್ಲಿಸಿ, ಚಕ್ರಗಳಿಗೆ ಮರದ ತುಂಡು ಕೊಡಿ. ನೀರು ಎಣ್ಣೆಗಿಂತ ಭಾರ, ಬೆಳಗಿನ ಹೊತ್ತಿಗೆ ಸಾಕಷ್ಟು ತಳಕ್ಕೆ ಇಳಿದಿರುತ್ತದೆ. ಮೊದಲು ಎಣ್ಣೆ ತುಂಬುವ ಮೇಲಿನ ಪ್ಲಗ್ ಬಿಚ್ಚಿಕೊಳ್ಳಲಿ, ತುಕ್ಕು ಹಿಡಿದು ಅದು ಬರದಿದ್ದರೆ ಇಳಿಸಿದ ಎಣ್ಣೆಯ ಬದಲು ಹೊಸದು ತುಂಬಲು ದಾರಿಯೇ ಇರುವುದಿಲ್ಲ. ಆಮೇಲೆ ಕೆಳಗೊಂದು ಗಾಜಿನ ಬಾಟಲಿ ಹಿಡಿದು ತಳದ ಪ್ಲಗ್ಗನ್ನು ಒಂದೆರಡು ಸುತ್ತು ಸಡಿಲಿಸಲಿ. ಮೊದಲು ತೊಟ್ಟಿಕ್ಕುವುದು ಎಣ್ಣೆಯೋ ನೀರೋ ಎಂಬುದು ಬಾಟಲಿಯಲ್ಲೇ ಕಾಣುತ್ತದೆ.