ಖಾಡಿಯ ಕೆಸರೂ ಕಡಲಿನ ಎಣ್ಣೆಯೂ



ಕೋಪರಿಯಿಂದ ಐರೋಲಿಗೋ ವಾಶಿಗೋ ಹೋಗುವಾಗ ಖಾಡಿಯಲ್ಲಿ ಇಳಿತವಿದ್ದರೆ ನೀವೆಲ್ಲ ಮೂಗು ಮುಚ್ಚಿಕೊಳ್ಳುತ್ತೀರಿ. ಆ ವಾಸನೆಯಲ್ಲಿ ನಮ್ಮ ಗಟಾರಗಳ ಪಾಲೂ ಇದೆ, ನಿಜ. ಆದರೆ ಕೊಳೆತ ಮೊಟ್ಟೆಯಂಥ ನಾತ ಕಪ್ಪು ಕೆಸರಿನದೇ. ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಹೊರಬಿಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಅದು. ನಿಮ್ಮ ಬೈಕಿನ ಪೆಟ್ರೋಲಿನ ಕಥೆ ಆರಂಭವಾದದ್ದೂ ಇಂಥ ಕೆಸರಿನಲ್ಲೇ ಎಂದರೆ ನಂಬುತ್ತೀರಾ?

ಎಣ್ಣೆ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಅದಕ್ಕೆ ಮೂರು ಅನುಕೂಲಗಳು ಒಂದೇ ಕಡೆ ಕೂಡಿಬರಬೇಕು. ಮೊದಲನೆಯದಾಗಿ, ಪಾಚಿ, ಸೂಕ್ಷ್ಮಜೀವಿ, ಗಿಡಗಂಟಿಗಳು ಧಾರಾಳವಾಗಿ ಬೆಳೆದು, ಸತ್ತು, ನೀರಿನ ತಳ ಸೇರಬೇಕು. ಎರಡನೆಯದಾಗಿ, ತಳದ ನೀರು ಕದಡದೆ ನಿಂತಿರಬೇಕು. ಆಮ್ಲಜನಕ ಸಿಕ್ಕಿತೋ, ಎಲ್ಲವೂ ಕೊಳೆತು ಗಾಳಿಗೆ ಹೋಗುತ್ತದೆ. ಹೊಳೆಗಳು ತರುವ ಮಣ್ಣೂ ಹದವಾಗಿರಬೇಕು. ವಿಪರೀತವಾದರೆ ಸಾರಿಗೆ ನೀರು ಹೆಚ್ಚಾದಂತೆ ಜೀವಾಂಶ ತೆಳುವಾಗುತ್ತದೆ. ಮೂರನೆಯದಾಗಿ, ಆ ತಗ್ಗು ಕುಸಿಯುತ್ತಲೇ ಇರಬೇಕು. ಪದರದ ಮೇಲೆ ಪದರ ಕುಳಿತು ಕೆಸರು ಕಲ್ಲಾಗಿ, ಕಿಲೋಮೀಟರುಗಟ್ಟಲೆ ಆಳದಲ್ಲಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಬೇಕು. ಶಾಖ ಸಾಲದಿದ್ದರೆ ಎಣ್ಣೆಯಿಲ್ಲ, ಮಿತಿಮೀರಿದರೆ ಬರೀ ಅನಿಲ. ಭೂವಿಜ್ಞಾನಿಗಳು ಇಂಥ ಜಾಗಕ್ಕೆ 'ಕಿಚನ್' ಎಂದೇ ಹೆಸರಿಟ್ಟಿದ್ದಾರೆ! ಅಲ್ಲಿ ಬೇಯುವ ಕಲ್ಲೇ ಮೂಲಶಿಲೆ.

"ಹಾಗಾದರೆ ನಮ್ಮ ಕರ್ನಾಟಕದ ನೆಲದಲ್ಲಿ ಎಣ್ಣೆ ಯಾಕಿಲ್ಲ?" ಎಂದು ನೀವು ಕೇಳಬಹುದು. ಇಲ್ಲಿನ ಪಾರಸಿಕ್ ಗುಡ್ಡದ ಕಪ್ಪುಕಲ್ಲೂ ವಿಜಯಪುರದ ಕಪ್ಪುಕಲ್ಲೂ ಒಂದೇ ಕುಲದವು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾರಸ ಆರಿ ಆದದ್ದು. ಬೆಂಕಿಯಿಂದ ಬಂದ ಕಲ್ಲಿನಲ್ಲಿ ಜೀವಾಂಶವೆಲ್ಲಿ? ಇನ್ನು ದಕ್ಷಿಣದ ಬಹುಭಾಗದ ಬಂಡೆಗಳಿಗೆ 250 ಕೋಟಿ ವರ್ಷಕ್ಕೂ ಮೀರಿದ ವಯಸ್ಸು. ಅವು ಕಾದು, ಕರಗಿ, ಹರಳುಗಟ್ಟಿದವು.

ಆದರೆ ನಮ್ಮ ಪಶ್ಚಿಮದ ಕಡಲಿನಲ್ಲಿ ಬೇರೆಯೇ ನಡೆಯಿತು. ಲಾವಾ ಉಕ್ಕಿದ ಕಾಲದಲ್ಲೇ ಸೇಶೆಲ್ಸ್ ಭೂಭಾಗ ಭಾರತದಿಂದ ಬೇರ್ಪಟ್ಟಿತು. ನೆಲ ಬಿರಿದು ತಗ್ಗುಗಳಾದವು. ಅಲ್ಲಿ ಜೌಗು, ಹಿನ್ನೀರು, ಬಳಿಕ ಕಡಲು. ಆ ಕೆಸರೇ ಇಂದು 'ಪನ್ನಾ' ಎಂಬ ಹೆಸರಿನ ಶಿಲಾಸ್ತರ. ಅದರಲ್ಲಿ ಬೆಂದ ಎಣ್ಣೆ ನಿಧಾನವಾಗಿ ಮೇಲೇರಿ, ಪಕ್ಕದ ಎತ್ತರದ ಸುಣ್ಣಕಲ್ಲಿನ ರಂಧ್ರಗಳಲ್ಲಿ ಸೇರಿಕೊಂಡಿತು. 1974ರಲ್ಲಿ 'ಸಾಗರ್ ಸಮ್ರಾಟ್' ಕೊರೆದಾಗ ಸಿಕ್ಕ ಬಾಂಬೆ ಹೈ ಅದೇ. ಮುಂಬಯಿಯಿಂದ ಸುಮಾರು 160 ಕಿಲೋಮೀಟರ್ ದೂರ. 1976ರಿಂದ ಎಣ್ಣೆ ಬರತೊಡಗಿತು. ಹುಟ್ಟಿದ್ದು ಒಂದೆಡೆ, ನೆಲೆನಿಂತದ್ದು ಇನ್ನೊಂದೆಡೆ — ನಮ್ಮ ಮನೆತನಗಳ ಹಾಗೆಯೇ!

ಇಂಥ ಕಾಲ ಭೂಮಿಗೂ ಅಪರೂಪ. 1991ರಲ್ಲಿ ಕ್ಲೆಮ್ ಮತ್ತು ಉಲ್ಮಿಷೆಕ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿ, ಅದುವರೆಗೆ ಸಿಕ್ಕ ಎಣ್ಣೆ ಮತ್ತು ಅನಿಲದ ಶೇಕಡಾ 90ಕ್ಕೂ ಹೆಚ್ಚು ಪಾಲು ಬರೀ ಆರು ಕಾಲಘಟ್ಟಗಳ ಮೂಲಶಿಲೆಗಳಿಂದ ಬಂದದ್ದೆಂದು ತೋರಿಸಿದರು. ಅರೇಬಿಯಾದ ಸಿರಿಯ ದೊಡ್ಡ ಪಾಲು ಸುಮಾರು 15 ಕೋಟಿ ವರ್ಷಗಳ ಹಿಂದೆ ಆಳವಿಲ್ಲದ ಕಡಲಿನ ನಡುವಣ ತಗ್ಗುಗಳಲ್ಲಿ ಕುಳಿತ ಕೆಸರಿನದು. ಭಾರತ ತನಗೆ ಬೇಕಾದ ಕಚ್ಚಾ ಎಣ್ಣೆಯ ಶೇಕಡಾ 80ಕ್ಕೂ ಹೆಚ್ಚನ್ನು ಹೊರಗಿನಿಂದ ತರಿಸುವುದಕ್ಕೆ ಈ ಹಳೆಯ ಭೂಗೋಳವೂ ಕಾರಣ.

ಇನ್ನೊಂದು ಮಾತು. ಎಣ್ಣೆಯೆಂದರೆ ಹಿಂದೊಮ್ಮೆ ಗಾಳಿಯಲ್ಲಿದ್ದ ಇಂಗಾಲ. ಗಿಡ, ಪಾಚಿಗಳು ಅದನ್ನು ಹೀರಿದವು, ಕೆಸರು ಮುಚ್ಚಿಟ್ಟಿತು. ಕೋಟಿ ವರ್ಷಗಳ ಆ ಠೇವಣಿಯನ್ನು ನಾವು ಒಂದೆರಡು ಶತಮಾನಗಳಲ್ಲಿ ಸುಟ್ಟು ಗಾಳಿಗೆ ಮರಳಿಸುತ್ತಿದ್ದೇವೆ. ಠಾಣೆ ಖಾಡಿಯ ಮ್ಯಾಂಗ್ರೋವ್ ಗಿಡಗಳು, ನಮ್ಮ ಕರಾವಳಿಯವರ ಕಾಂಡ್ಲಾ, ಇಂದಿಗೂ ಅದೇ ಹಳೆಯ ಕೆಲಸ ಮಾಡುತ್ತಿವೆ. ಎಲೆ, ಬೇರುಗಳ ಇಂಗಾಲವನ್ನು ಕೆಸರಿನಲ್ಲಿ ಹೂಳುತ್ತಿವೆ. 2022ರಲ್ಲಿ ಈ ಖಾಡಿಗೆ ರಾಮ್ಸಾರ್ ತಾಣದ ಮನ್ನಣೆಯೂ ಸಿಕ್ಕಿದೆ. ಮನೆ ರಿಪೇರಿಯ ಡೆಬ್ರಿಯನ್ನು ಯಾರಾದರೂ ಅಲ್ಲಿ ಸುರಿಯಲು ಹೊರಟರೆ ತಡೆಯುವವರು ನೀವಾಗಿ. ನಾತಕ್ಕೆ ಮೂಗು ಮುಚ್ಚಿಕೊಳ್ಳಿ, ಚಿಂತೆಯಿಲ್ಲ. ಕಣ್ಣು ಮಾತ್ರ ಮುಚ್ಚಬೇಡಿ.