ತೆರೆಯ ಕಥೆ ಪುಸ್ತಕವಾದಾಗ

ಕಾದಂಬರಿ ಚಲನಚಿತ್ರವಾಗುವುದು ನಮಗೆ ಹೊಸತಲ್ಲ. ಕೊಡಗಿನ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಚಿತ್ರವಾಯಿತು. ಓದುಗರು ಮನಸ್ಸಿನಲ್ಲಿ ಕಂಡಿದ್ದ ಮುಖಗಳ ಜಾಗಕ್ಕೆ ನಟರು ಬಂದರು. ದಾರಿ ತಿರುಗುಮುರುಗಾದರೆ?

1961ರಲ್ಲಿ ಬ್ರಿಟನ್ನಿನ ಬಿ.ಬಿ.ಸಿ. ದೂರದರ್ಶನವು ‘ಎ ಫಾರ್ ಆಂಡ್ರೊಮಿಡಾ’ ಎಂಬ ವೈಜ್ಞಾನಿಕ ಕಥೆಯನ್ನು ಏಳು ಕಂತುಗಳಲ್ಲಿ ತೋರಿಸಿತು. ಬರೆದವರು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಮತ್ತು ಜಾನ್ ಎಲಿಯಟ್. ಬಾಹ್ಯಾಕಾಶದಿಂದ ಬಂದ ರೇಡಿಯೋ ಸಂಕೇತವನ್ನು ಅನುಸರಿಸಿ ವಿಜ್ಞಾನಿಗಳು ಗಣಕಯಂತ್ರವೊಂದನ್ನು ಕಟ್ಟುತ್ತಾರೆ. ಅದರ ಸೂಚನೆಯಿಂದ ಒಬ್ಬ ಯುವತಿ ಸೃಷ್ಟಿಯಾಗುತ್ತಾಳೆ. ತೆರೆಯ ಮೇಲೆ ಆಕೆಯಾದವರು ಜೂಲಿ ಕ್ರಿಸ್ಟಿ.

ಮರುವರ್ಷ ಆ ಲೇಖಕರೇ ಅದನ್ನು ಕಾದಂಬರಿಯಾಗಿಸಿದರು. ಇಲ್ಲಿ ನಟಿಯ ಮುಖವಿಲ್ಲ. ಓದುಗರೇ ಅದನ್ನು ಕಲ್ಪಿಸಿಕೊಳ್ಳಬೇಕು. ನೋಟವೊಂದು ಹೇಳುತ್ತಿದ್ದುದನ್ನು ವಾಕ್ಯಗಳು ಹೇಳಬೇಕು. ಆದರೆ ಮುಂದಿನ ಕಂತಿಗಾಗಿ ವಾರವಿಡೀ ಕಾಯಬೇಕಿಲ್ಲ. ವಿಜ್ಞಾನದ ವಿಷಯ ಅರ್ಥವಾಗದಿದ್ದರೆ ಪುಟ ಹಿಂದಕ್ಕೆ ತಿರುಗಿಸಿ ಮತ್ತೆ ಓದಬಹುದು.

ಇನ್ನೂ ದೊಡ್ಡ ಲಾಭವೊಂದುಂಟು. ಆ ಏಳು ಕಂತುಗಳಲ್ಲಿ ಪೂರ್ಣವಾಗಿ ಉಳಿದಿರುವುದು ಆರನೆಯದೊಂದೇ. ಇಡೀ ಕಥೆ ಬೇಕೆನ್ನುವವರಿಗೆ ಇಂದು ಪುಸ್ತಕವೇ ಆಸರೆ. ರೇಡಿಯೋದಲ್ಲಿ ಕೇಳಿದ ಭಾಷಣವನ್ನು ನಾವು ಈ ಪತ್ರಿಕೆಯ ಪುಟಗಳಲ್ಲಿ ಹುಡುಕುವುದೂ ಇದೇ ಕಾರಣಕ್ಕೆ.