ಮೂಗು ಕಟ್ಟುವಿಕೆಗೆ ಚೀನೀ ಗಿಡಮೂಲಿಕೆ: ತಿಳಿದು ಬಳಸಿರಿ

ಮಳೆಗಾಲದ ತೇವ ಹಾಗೂ ಚಳಿಗಾಲದ ಧೂಳು, ಹೊಗೆಗಳ ಕಾರಣ ಮುಂಬಯಿ ಮತ್ತು ಅದರ ಉಪನಗರಗಳಲ್ಲಿ ಮೂಗು ಕಟ್ಟುವುದು ಸಾಮಾನ್ಯ ತೊಂದರೆ. ಮಜಗಾಂವ್‌ನಲ್ಲಿ 1919ರ ಚೀನೀ ದೇವಾಲಯವನ್ನು ಉಳಿಸಿಕೊಂಡಿರುವ ಈ ಮಹಾನಗರಕ್ಕೆ ಚೀನೀಯರ ಪರಿಚಯ ಹಳೆಯದು. ಅವರ ಸಾಂಪ್ರದಾಯಿಕ ಔಷಧಗಳು ಪ್ರವಾಸಿಗಳ ಮೂಲಕವೋ ಅಂಚೆಯ ಮೂಲಕವೋ ಮನೆ ಸೇರಿದಾಗ, ‘ಗಿಡಮೂಲಿಕೆ ತಾನೇ, ಅಪಾಯವೇನು?’ ಎಂದು ಭಾವಿಸುವುದು ಸರಿಯಲ್ಲ.

ಮೂಲಿಕೆಗಳ ಗುಣ-ದೋಷ

ಶೀತ, ಉಬ್ಬಸಗಳಿಗೆ ಚೀನೀ ವೈದ್ಯರು ಬಳಸುವ ‘ಮಾ ಹುವಾಂಗ್’ ಎಫಿಡ್ರಾ ಜಾತಿಯ ಸಸ್ಯ. ಹಿಮಾಲಯದಲ್ಲಿ ಬೆಳೆಯುವ ಅದರ ಸೋದರ ಸಸ್ಯವನ್ನು ನಮ್ಮಲ್ಲಿ ಸೋಮಲತೆ ಎನ್ನುವುದುಂಟು. 1885ರಲ್ಲಿ ಜಪಾನಿನ ವಿಜ್ಞಾನಿ ನಾಗಾಯಿ ನಾಗಯೋಶಿ ಮಾ ಹುವಾಂಗ್‌ನಿಂದ ಎಫೆಡ್ರಿನ್ ಅನ್ನು ಬೇರ್ಪಡಿಸಿದರು. ಇದು ಮೂಗಿನ ಒಳಪೊರೆಯ ರಕ್ತನಾಳಗಳನ್ನು ಸಂಕುಚಿಸುವುದರಿಂದ ಊತವಿಳಿದು ಉಸಿರಾಟ ಸುಗಮವಾಗುತ್ತದೆ. ಆದರೆ ಈ ಕ್ರಿಯೆ ಮೂಗಿಗೆ ಮಾತ್ರ ಸೀಮಿತವಲ್ಲ. ರಕ್ತದೊತ್ತಡ ಏರಬಹುದು, ಎದೆಬಡಿತ ತೀವ್ರವಾಗಬಹುದು, ನಿದ್ರೆ ಕೆಡಬಹುದು. ಹೃದಯಾಘಾತ, ಪಾರ್ಶ್ವವಾಯುಗಳ ಭಯದಿಂದ ಅಮೆರಿಕವು 2004ರಲ್ಲಿ ಎಫಿಡ್ರಾ ಬೆರೆತ ಪೂರಕ ಆಹಾರಗಳನ್ನು ನಿಷೇಧಿಸಿತು. ಕೆಲವು ನೆಗಡಿ ಮಾತ್ರೆಗಳಲ್ಲಿಯೂ ಇದೇ ಬಗೆಯ ರಾಸಾಯನಿಕಗಳಿರುವುದರಿಂದ ಎರಡನ್ನೂ ಒಟ್ಟಿಗೆ ಸೇವಿಸಿದರೆ ಪ್ರಮಾಣ ಮೀರುತ್ತದೆ.

ಮೂಗಿನ ತೊಂದರೆಗೆ ಬಳಸುವ ‘ತ್ಸಾಂಗ್ ಅರ್ ತ್ಸ’ ಕಾಯಿಯನ್ನು ವಿಧಿವತ್ತಾಗಿ ಹುರಿಯದಿದ್ದರೆ ಅದರ ವಿಷವು ಯಕೃತ್ತಿಗೆ ಹಾನಿಕರ. ‘ಶೀ ಶಿನ್’ ಬೇರಿನ ಸಸ್ಯದಲ್ಲಿ ಮೂತ್ರಪಿಂಡವನ್ನು ಕೆಡಿಸುವ ಹಾಗೂ ಕ್ಯಾನ್ಸರ್‌ಕಾರಕವಾದ ಅರಿಸ್ಟೊಲೊಕಿಕ್ ಆಮ್ಲವಿರುತ್ತದೆ.

ಗಮನಿಸಬೇಕಾದ ಅಂಶಗಳು

1. ಚೀನೀ ಮೂಲಿಕಾ ವೈದ್ಯವು ಆಯುಷ್ ಪದ್ಧತಿಗಳಲ್ಲಿ ಸೇರಿಲ್ಲ. ಘಟಕಗಳು, ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇವು ಓದಲು ಬಾರದ ಪೊಟ್ಟಣವನ್ನು ಬಳಸಬೇಡಿರಿ.

2. ರಕ್ತದೊತ್ತಡ, ಹೃದ್ರೋಗ, ಥೈರಾಯ್ಡ್ ತೊಂದರೆಯುಳ್ಳವರು, ಗರ್ಭಿಣಿಯರು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು, ಮಕ್ಕಳಿಗೂ ಕೊಡಬಾರದು.

3. ವೈದ್ಯರನ್ನು ಕಾಣುವಾಗ ಸೇವಿಸುತ್ತಿರುವ ಮೂಲಿಕೆಯ ವಿಷಯವನ್ನು ಮರೆಮಾಚದೆ ತಿಳಿಸಿರಿ. ಪೊಟ್ಟಣವನ್ನೂ ಜೊತೆಯಲ್ಲಿ ಒಯ್ಯಿರಿ.

4. ಎದೆನೋವು, ಕಾಮಾಲೆ, ಮೂತ್ರ ಕಡಿಮೆಯಾಗುವುದು ಕಂಡುಬಂದರೆ ಔಷಧವನ್ನು ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಹೋಗಿರಿ. ಔಷಧದ ದುಷ್ಪರಿಣಾಮವನ್ನು 1800-180-3024 ಉಚಿತ ದೂರವಾಣಿಗೆ ತಿಳಿಸಬಹುದು. ಮುಂಬಯಿಯ ಪರೇಲ್‌ನ ಕೆ.ಇ.ಎಂ. ಆಸ್ಪತ್ರೆಯಲ್ಲಿಯೂ ಇಂತಹ ವರದಿಗಳನ್ನು ದಾಖಲಿಸುವ ಕೇಂದ್ರವಿದೆ.

ಸಾಧಾರಣ ನೆಗಡಿ ಸಾಮಾನ್ಯವಾಗಿ ಏಳರಿಂದ ಹತ್ತು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಉಪ್ಪು ಬೆರೆಸಿ ಮೂಗನ್ನು ತೊಳೆದುಕೊಳ್ಳುವುದು ಸುಲಭ ಪರಿಹಾರ. ಹತ್ತು ದಿನ ಮೀರಿದರೆ, ಜ್ವರ ಅಥವಾ ಮುಖದ ನೋವು ಹೆಚ್ಚಿದರೆ ವೈದ್ಯರನ್ನು ಕಾಣುವುದೇ ಕ್ಷೇಮ.